ಹೊರಗೋಡೆಯ ಕೈಸರ್

ಎಸಿ ಕೂರಿಸುವವರ ಪಾಲಿಗೆ ತೂತು ಮುಚ್ಚುವುದು ಕೊನೆಯ ಕೆಲಸ. ಒಳಗಿನ ಪೆಟ್ಟಿಗೆಯಿಂದ ಹೊರಗಿನ ಪೆಟ್ಟಿಗೆಗೆ ತಾಮ್ರದ ಪೈಪು, ವೈರು, ನೀರು ಹೋಗುವ ಸಣ್ಣ ಪೈಪು ಹಾಯಿಸಲು ಗೋಡೆಗೆ ಮೂರಿಂಚಿನ ತೂತು ಕೊರೆಯುತ್ತಾರೆ. ತಣ್ಣನೆ ಗಾಳಿ ಬಂದ ಕೂಡಲೇ ಮನೆಯವರಿಗೆ ಕೆಲಸ ಮುಗಿದಂತೆ. ಕೊರೆದವರಿಗೂ ಮುಗಿದಂತೆಯೇ. ಪೈಪಿನ ಸುತ್ತ ಉಳಿದ ಸಂದಿಗೆ ಹಳೇ ಪೇಪರು ತುರುಕಿ ಹೋಗುವವರೇ ಹೆಚ್ಚು. ಮಳೆ ಬಂದಾಗ ಪೇಪರು ನೆಂದು ಕರಗುತ್ತದೆ, ಗೋಡೆ ಉಬ್ಬುತ್ತದೆ. ಇರುವೆ ಸಾಲುಗಟ್ಟಿ, ಹಲ್ಲಿ ನುಸುಳಿ ಒಳಗೆ ಬರುತ್ತವೆ.

ಚಿತ್ರದುರ್ಗದ ಕೈಸರ್ ಹಾಗೆ ಬಿಟ್ಟು ಹೋದವನಲ್ಲ. ಮೊದಲು ಒಳಗಿನಿಂದ ಮುಚ್ಚುತ್ತಾನೆ, ಆಮೇಲೆ ಹೊರಗಿನಿಂದ. ನಡುವೆ ಫೋಮು ತುಂಬಿ, ಬಿಳಿ ಸಿಮೆಂಟಿಗೆ ಒಂದಿಷ್ಟು ಗೋಂದು ಕಲಸಿ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಕೂರಿಸುತ್ತಾನೆ. ಅವನ ತಂದೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ‘ಸಣ್ಣ ತೂತು ಅಂತ ಬಿಡಬೇಡ, ಮನೆಯ ಸಾರೆಲ್ಲಾ ಸೋರೋದು ಸಣ್ಣ ತೂತಿಂದಲೇ’ ಎನ್ನುತ್ತಿದ್ದರು. ಪಾತ್ರೆಗಳು ಸ್ಟೀಲಾದವು, ಕಲಾಯಿ ಹೋಯಿತು, ಮಗನ ಕೈಗೆ ಆ ಮಾತು ಮಾತ್ರ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಹಿರಿಯೂರಿನ ನರ್ಸಿಂಗ್ ಹೋಮು, ಹೊಸದುರ್ಗದ ಬಟ್ಟೆ ಅಂಗಡಿ, ಹೊಳಲ್ಕೆರೆಯ ಅಡಿಕೆ ಮಂಡಿ, ಎಲ್ಲಿಂದಲೂ ‘ಒಳಗೆ ನೀರು ಬಿತ್ತು’ ಎಂಬ ದೂರು ಅವನ ಮೇಲೆ ಬಂದಿರಲಿಲ್ಲ. ಹೇಳಿಕೊಳ್ಳಲು ಅವನಿಗಿದ್ದ ಹೆಸರು ಅದೊಂದೇ.

ಈಗ ನಲವತ್ತೊಂಬತ್ತು. ಎಡ ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ಗೋಡೆಯಾಚೆ ಇಳಿಯುವ ಕೆಲಸ ಅವನದೇ.

“ಒಳಗಿಂದ ಮುಚ್ಚಿ ಬಂದ್ರೆ ಸಾಲದಾ? ಹೊರಗಿಂದು ಯಾರು ನೋಡ್ತಾರೆ?” ಎಂದು ಹೆಂಡತಿ ಶಬನಾ ಗೊಣಗುತ್ತಾಳೆ.

“ಮಳೆ ನೋಡ್ತೈತಲ್ಲ,” ಎನ್ನುತ್ತಾನೆ.

ಕಳೆದ ಏಪ್ರಿಲ್‌ನಲ್ಲಿ ಜೋಗಿಮಟ್ಟಿ ಕಡೆಯ ಹೊಸ ಬಡಾವಣೆಯ ಒಂದು ಮನೆಯ ಎರಡನೇ ಮಹಡಿಗೆ ಹೋಗಿದ್ದ. ಜೊತೆಗೆ ಪ್ರದೀಪ್, ಎಸಿ ಅಂಗಡಿಯ ವ್ಯಾನು ಓಡಿಸುವವನೂ ಗೋಡೆ ಕೊರೆಯುವವನೂ ಅವನೇ. ಗೃಹಪ್ರವೇಶವಾಗಿ ತಿಂಗಳಾಗಿತ್ತು. ಕಿಟಕಿಗಳ ಗ್ರಿಲ್ಲು ಇನ್ನೂ ವೆಲ್ಡಿಂಗ್ ಅಂಗಡಿಯಿಂದ ಬಂದಿರಲಿಲ್ಲ, ಜಾರಿಸುವ ಗಾಜಷ್ಟೇ ಇತ್ತು. ಮನೆಯ ಯಜಮಾನ ಲಕ್ಷ್ಮೀಕಾಂತ್ ಆಫೀಸಿಗೆ, ಅವನ ಹೆಂಡತಿ ಶಾಲೆಯ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ಅವನ ತಾಯಿ ಶಿವಗಂಗಮ್ಮ. ಎಸಿ ಅವರ ಕೋಣೆಗೇ. ಕಿವಿ ಮಂದ, ಮಿಷಿನ್ ಹಾಕಿದರೆ ಕೇಳುತ್ತದೆ. ಹೊರಗೋಡೆಯುದ್ದಕ್ಕೂ ಅವರ ಮಂಚ. ತಲೆ ಕಿಟಕಿಯ ಕೆಳಗೆ.

“ತಲೆಗೆ ಗಾಳಿ ಹೊಡೀಬಾರ್ದು, ಕಾಲ ಕಡೆ ಹಾಕ್ರಪ್ಪ,” ಎಂದಿದ್ದರು. ಹಾಗೆಯೇ ಹಾಕಿದರು.

ಒಳಗಿನ ತೂತು ಮುಚ್ಚಿ ಕೈಸರ್ ಅಜ್ಜಿಗೆ ಪಾಠ ಹೇಳಿದ: “ಎಸಿ ಹಾಕ್ಕಂಡ್ರೆ ಕಿಟಕಿ, ಬಾಗ್ಲು ಎಲ್ಲಾ ಹಾಕ್ಬಿಡ್ಬೇಕ್ರಿ ಅಜ್ಜಿ. ಒಂದು ಬೆರಳು ಸಂದಿ ಇದ್ರೂ ತಣ್ಣಗಾಗಲ್ಲ. ನೆನಪಿರ್ಲಿ.”

“ನೆನಪೈತಪ್ಪ. ನಾನೇನು ಮಗೀನಾ?”

ಕಿಟಕಿಯ ಹೊರಗೆ, ಎಸಿ ಪೆಟ್ಟಿಗೆ ಇಡಲೆಂದೇ ಬಿಟ್ಟಿದ್ದ ಎರಡಡಿ ಅಗಲದ ಕಾಂಕ್ರೀಟ್ ಹಲಗೆ ಒಲೆಯ ಮೇಲಿನ ಹೆಂಚಿನ ಹಾಗೆ ಕಾದಿತ್ತು. ಕೈಸರ್ ಮುಂಬಾಗಿಲಿಗೆ ಹೋಗಿ ಹೊಸಿಲಾಚೆ ಬಿಟ್ಟಿದ್ದ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ. ಸಿಮೆಂಟಿನ ಬಕೆಟ್ಟು, ಕರಣಿ, ಅರ್ಧ ಬಾಟಲಿ ನೀರು ಹಿಡಿದು ಕಿಟಕಿ ದಾಟಿ, ಹಲಗೆಯ ಮೇಲೆ ನಿಂತು ಚಪ್ಪಲಿ ಮೆಟ್ಟಿದ. ಫೋನು ಒಳಗೆ ಚಾರ್ಜಿಗಿತ್ತು.

“ಕೈಸರಣ್ಣ, ನಾನು ಹೊಳಲ್ಕೆರೆಗೆ ಹೋಗಿ ಅಲ್ಲೀದು ಕೊರೆದು ಬರ್ತೀನಿ. ಐದಕ್ಕೆ ಬಂದು ಕರ್ಕೊಂಡು ಹೋಗ್ತೀನಿ,” ಎಂದ ಪ್ರದೀಪ್, ತಲೆ ಹೊರಗೆ ಹಾಕಿ. “ಅಷ್ಟರಾಗೆ ಮುಗೀತೈತೋ, ಗೋಡೆಗೆ ಮೆಹಂದಿ ಹಾಕ್ತೀರೋ?”

“ಹೋಗಲೇ, ನೀನು ಕೊರೆದ ತೂತಿಗೆ ಮೆಹಂದಿ ಅಲ್ಲ, ಹೊಲಿಗೆ ಹಾಕಬೇಕು.”

ಪ್ರದೀಪ್ ನಗುತ್ತಾ, ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಕೂತಿದ್ದ ಅಜ್ಜಿಗೆ “ಆತು ಅಜ್ಜಿ, ಎಸಿ ರೆಡಿ” ಎಂದು ಹೇಳಿ ಹೊರಟ. ಕೈಸರ್ ಸಿಮೆಂಟನ್ನು ಪ್ಲಾಸ್ಟಿಕ್ ಕವರಿನ ಮೇಲೆ ಸುರಿದು, ಬಕೆಟ್ಟು ಬೋರಲು ಹಾಕಿ ಹತ್ತಿ, ತಲೆಗಿಂತ ಮೇಲಿದ್ದ ತೂತಿಗೆ ಸಿಮೆಂಟು ಒತ್ತತೊಡಗಿದ.

ಪಕ್ಕದಲ್ಲಿ ಹೊರಪೆಟ್ಟಿಗೆಯ ಫ್ಯಾನು ಗುರ್ರೆಂದು ತಿರುಗಿತು. ಅಜ್ಜಿ ಎಸಿ ಹಾಕಿ ನೋಡುತ್ತಿದ್ದಾರೆ ಎಂದುಕೊಂಡ. ಬಿಸಿಗಾಳಿ ಕಾಲಿಗೆ ಬಡಿಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯತ್ತ ತಿರುಗಿದರೆ ಗಾಜು ಮುಚ್ಚಿತ್ತು. ಒಳಗಿನಿಂದ ಚಿಲಕ ಹಾಕಿ ಪರದೆ ಎಳೆದಿತ್ತು.

ಕೈಸರ್‌ಗೆ ಮೊದಲು ನಗು ಬಂತು. ಗಾಜು ತಟ್ಟಿದ. “ಅಜ್ಜಿ, ನಾನಿಲ್ಲೇ ಇದ್ದೀನ್ರೀ!” ಮತ್ತೆ ತಟ್ಟಿದ. ಪರದೆಯ ಅಂಚಿನಲ್ಲಿ ನಾಲ್ಕು ಬೆರಳಗಲದ ಸಂದಿಯಿತ್ತು. ಬಗ್ಗಿ ನೋಡಿದ. ಶಿವಗಂಗಮ್ಮ ಆಗಲೇ ಮಲಗಿದ್ದರು. ಕಿವಿಯ ಮಿಷಿನ್ ದಿಂಬಿನ ಪಕ್ಕದಲ್ಲಿತ್ತು.

ಮನೆಯ ಹಿಂಬದಿಯಲ್ಲಿ ಓಣಿಯಿಲ್ಲ, ಜನವಿಲ್ಲ. ಕೆಳಗೆ ಇಪ್ಪತ್ತೆರಡು ಅಡಿ ಆಳದಲ್ಲಿ ಬಂಡೆಗಳು, ಮುಳ್ಳಿನ ಪೊದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆ ನಿಧಾನವಾಗಿ ತಿರುಗುತ್ತಿತ್ತು. ಅಲ್ಲಿಯ ಗಾಳಿ ಇಲ್ಲಿಗೆ ಬರಲಿಲ್ಲ. ಇಲ್ಲಿಗೆ ಬರುತ್ತಿದ್ದುದು ಪೆಟ್ಟಿಗೆಯ ಗಾಳಿ. ಅಜ್ಜಿಯ ಕೋಣೆಯ ಸೆಕೆಯನ್ನೆಲ್ಲಾ ಬಾಚಿ ತಂದು ಅದು ಅವನ ಮೈಮೇಲೆ ಸುರಿಯುತ್ತಿತ್ತು. ಎರಡಡಿ ಹಲಗೆಯಲ್ಲಿ ಅದರಿಂದ ದೂರ ಸರಿಯಲು ಜಾಗವಿರಲಿಲ್ಲ.

ಗಂಟೆ ಎರಡಾಗಿರಬಹುದು. ಪ್ರದೀಪ್ ಬರುವುದು ಐದಕ್ಕೆ. ಅಷ್ಟು ಹೊತ್ತು ನಿಲ್ಲಲಾಗದು ಎಂದು ಕೈಸರ್‌ಗೆ ಬೇಗನೆ ತಿಳಿಯಿತು. ಮೊಣಕಾಲು ನಡುಗುತ್ತಿತ್ತು. ಕೂತರೆ ಕಾಂಕ್ರೀಟು ಸುಡುತ್ತಿತ್ತು. ಕಣ್ಣಂಚಿನಲ್ಲಿ ಕಪ್ಪು ಚುಕ್ಕೆಗಳು ಬಂದು ಹೋದವು. ತಲೆ ಸುತ್ತಿದರೆ ಬೀಳುವುದು ಬಂಡೆಗಳ ಮೇಲೆ.

ತೂತಿಗೆ ಬಾಯಿಟ್ಟು ಕೂಗೋಣವೆಂದು, ಆಗತಾನೇ ಮೆತ್ತಿದ್ದ ಹಸಿ ಸಿಮೆಂಟನ್ನು ಕೆರೆದು ತೆಗೆದ. ಫೋಮನ್ನು ಕಿತ್ತೆಳೆದ. ಒಳಗೆ, ಒಂದು ಗಂಟೆ ಮೊದಲು ಅವನೇ ಹಾಕಿದ್ದ ಬಿಳಿ ಸಿಮೆಂಟು ಕಲ್ಲಾಗಿತ್ತು. “ಅಜ್ಜೀ!” ಎಂದು ಕೂಗಿದ. ಕೂಗು ಆ ಗಾರೆಗೆ ತಾಗಿ ಅವನ ಮುಖಕ್ಕೇ ಬಂತು. ಕರಣಿಯ ಹಿಡಿಯಿಂದ ಕುಟ್ಟಿದರೆ ತಾಮ್ರದ ಪೈಪು ಅಲುಗಿತು. ಪೈಪು ಒಡೆದರೆ ಗ್ಯಾಸೆಲ್ಲಾ ಹೋಗುತ್ತದೆ. ಕೈ ತೆಗೆದ.

ಇನ್ನು ಉಳಿದಿದ್ದು ಗಾಜು. ಕರಣಿ ಎತ್ತಿದ. ಒಂದೇ ಏಟು ಸಾಕಿತ್ತು. ಎತ್ತಿದ ಕೈ ಹಾಗೆಯೇ ನಿಂತಿತು. ಪರದೆಯ ಸಂದಿಯಲ್ಲಿ ಕಾಣುತ್ತಿದ್ದುದು ಅಜ್ಜಿಯ ಬಿಳಿ ಕೂದಲು, ಸುಕ್ಕಿದ ಹಣೆ, ಸ್ವಲ್ಪ ತೆರೆದ ಬಾಯಿ. ಗಾಜು ಒಡೆದರೆ ಬೀಳುವುದು ಆ ಮುಖದ ಮೇಲೆಯೇ. ಕೈಸರ್ ಕರಣಿಯನ್ನು ಕೆಳಗಿಟ್ಟ. ಗೋಡೆಗೆ ಹಣೆ ಒತ್ತಿ ನಿಂತ. ಅಲ್ಲಾ ಎಂದನೋ ಅಮ್ಮಾ ಎಂದನೋ ಅವನಿಗೇ ತಿಳಿಯಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ನೀರಿನ ಪೈಪು. ಒಳಗಿನ ಪೆಟ್ಟಿಗೆಯಲ್ಲಿ ಕೂಡುವ ನೀರು ಹೊರಗೆ ಬರಲೆಂದು ಇಳಿಜಾರಾಗಿ ಬಿಟ್ಟಿದ್ದ ಕಿರುಬೆರಳು ದಪ್ಪದ ಪೈಪು. ಅದರ ತುದಿಯಿಂದ ಹನಿಯೊಂದು ತೊಟ್ಟಿಕ್ಕಿತು. ಹೊರಗಿನಿಂದ ನೀರು ಊದಿದರೆ ಅದು ಹಿಂದಕ್ಕೆ ಹೋಗುತ್ತದೆ, ಒಳಗಿನ ತಟ್ಟೆ ತುಂಬುತ್ತದೆ, ತುಂಬಿದ್ದು ಕೆಳಗೆ ಸುರಿಯುತ್ತದೆ. ಅಜ್ಜಿಯ ಕಾಲ ಮೇಲೆ. ಹೊಸ ಸುಣ್ಣದ ಗೋಡೆಯ ಮೇಲೆ. ಯಾವುದು ಆಗಬಾರದೆಂದು ಇಪ್ಪತ್ತೆರಡು ವರ್ಷ ಇಳಿಜಾರು ನೋಡಿ ನೋಡಿ ಪೈಪು ಕಟ್ಟಿದ್ದನೋ ಅದನ್ನೇ ಈಗ ಅವನು ಕೈಯಾರೆ ಮಾಡಬೇಕಿತ್ತು.

ಬಾಟಲಿಯಲ್ಲಿ ಅರ್ಧ ನೀರಿತ್ತು, ಚಹಾದಂತೆ ಬಿಸಿ. ಒಂದು ಬಾಯಿ ತುಂಬಿಕೊಂಡ. ಪೈಪಿಗೆ ತುಟಿ ತಾಗಿಸುವ ಮೊದಲೇ ಗಂಟಲು ತಾನಾಗಿ ನುಂಗಿಬಿಟ್ಟಿತು. ಎರಡನೇ ಸಲ ಕಣ್ಣು ಮುಚ್ಚಿ, ಗಂಟಲು ಬಿಗಿಹಿಡಿದು, ಉಸಿರೆಲ್ಲಾ ಹಾಕಿ ಊದಿದ. ಪೈಪಿನೊಳಗೆ ಬುಳುಬುಳು ಸದ್ದು. ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಮತ್ತೊಂದು ಬಾಯಿ ತುಂಬಿದ. ನೀರು ನಾಲಿಗೆಯ ಮೇಲಿತ್ತು, ಇಡೀ ಮೈ ಅದನ್ನು ಬೇಡುತ್ತಿತ್ತು, ನುಂಗುವಂತಿರಲಿಲ್ಲ. ಊದಿದ. ಮತ್ತೆ ತುಂಬಿದ. ಊದಿದ. ಕಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಬಾಟಲಿಯ ತಳದಲ್ಲಿ ಉಳಿದದ್ದು ಎರಡೇ ಗುಟುಕು.

ಕೊನೆಯದನ್ನು ಬಾಯಿಗೆ ತುಂಬಿಕೊಂಡಿದ್ದ. ಕಿಟಕಿಯ ಪರದೆ ಸರಕ್ಕನೆ ಸರಿಯಿತು.

ಶಿವಗಂಗಮ್ಮ ಆಕಾಶ ನೋಡುತ್ತಿದ್ದರು. ಕಾಲ ಮೇಲೆ ನೀರು ಬಿದ್ದದ್ದಕ್ಕೆ ಮಳೆ ಬಂತೇನೋ ಎಂದುಕೊಂಡಿದ್ದರು. ಆಕಾಶದಿಂದ ಇಳಿದ ಕಣ್ಣು, ಕೆನ್ನೆ ಉಬ್ಬಿಸಿಕೊಂಡು ಪೈಪು ಹಿಡಿದು ನಿಂತವನ ಮೇಲೆ ಬಿತ್ತು.

ಚಿಲಕ ತೆಗೆದು ಗಾಜು ಸರಿಸಿದರು. “ಅಯ್ಯೋ ನನ್ ಶಿವನೇ! ಇಲ್ಲೇನ್ ಮಾಡ್ತಿದ್ದೀಯಪ್ಪ?”

ಕೈಸರ್ ಬಾಯಲ್ಲಿದ್ದುದನ್ನು ನುಂಗಿದ. “ಕೆಲ್ಸ, ಅಜ್ಜಿ.”

“ಏನು? ಗಟ್ಟಿಯಾಗಿ ಹೇಳು, ಮಿಷಿನ್ ಹಾಕಿಲ್ಲ!”

ಕಿಟಕಿ ಹತ್ತಲು ಮೊಣಕಾಲು ಒಪ್ಪಲಿಲ್ಲ. ಎಪ್ಪತ್ತು ದಾಟಿದ ಅಜ್ಜಿ ಅವನ ಎರಡೂ ಮಣಿಕಟ್ಟು ಹಿಡಿದು, ಹೊರೆ ಹುಲ್ಲು ಎಳೆಯುವಂತೆ ಎಳೆದು ಒಳಗೆ ಹಾಕಿಕೊಂಡರು. ಒದ್ದೆ ಮಂಚದ ಮೇಲೆ ಬಿದ್ದವನಿಗೆ ಮೊದಲು ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ತಂದರು. ಎಸಿ ಆರಿಸಿದರು. ಕಿವಿಗೆ ಮಿಷಿನ್ ಸಿಕ್ಕಿಸಿಕೊಂಡು ಎದುರಿಗೆ ಕೂತರು.

“ಬಾಗ್ಲಾಗೆ ಚಪ್ಲಿ ಇರ್ಲಿಲ್ವಲ್ಲಪ್ಪ,” ಎಂದರು. “ನಂಗೆ ಸಪ್ಪಳ ಕೇಳಲ್ಲ. ಯಾರಿದ್ದಾರೆ, ಯಾರು ಹೋದ್ರು ಅಂತ ಚಪ್ಲಿ ನೋಡೇ ತಿಳ್ಕಳದು. ಎದ್ದು ಹೋಗಿ ನೋಡಿದೆ, ಒಂದೂ ಇರ್ಲಿಲ್ಲ. ನೀನು ಹೇಳ್ದಂಗೆ ಕಿಟಕಿ ಹಾಕ್ದೆ.”

ಕೈಸರ್ ತನ್ನ ಕಾಲಿನತ್ತ ನೋಡಿದ. ಚಪ್ಪಲಿ ಅಲ್ಲೇ ಇತ್ತು, ಅಜ್ಜಿಯ ಹಾಸಿಗೆಯ ಮೇಲೆ. ಗಾಬರಿಯಿಂದ ಕಾಲು ಕೆಳಗಿಳಿಸಿದ.

“ಇರ್ಲಿ ಬಿಡು,” ಎಂದ ಅಜ್ಜಿಯ ದನಿ ತಗ್ಗಿತು. “ಮಗಂಗೆ ಹೇಳ್ಬ್ಯಾಡಪ್ಪ. ಹೋದ ತಿಂಗ್ಳು ಹಾಲು ಇಟ್ಟು ಮರ್ತಿದ್ದೆ, ಪಾತ್ರೆ ಸುಟ್ಟೋತು. ‘ಇನ್ನೊಂದು ಸಲ ಹಿಂಗಾದ್ರೆ ನಿನ್ನ ಒಬ್ಳೇ ಬಿಡಲ್ಲ, ಹೊಸದುರ್ಗಕ್ಕೆ ಅಕ್ಕನ ಮನೇಗೆ ಬಿಡ್ತೀನಿ’ ಅಂದಾನೆ. ಅಲ್ಲಿ ನಂಗೊಂದು ಮೂಲೆನೂ ಇಲ್ಲ.”

ಚಾರ್ಜಿಗಿಟ್ಟಿದ್ದ ಫೋನು ಹೊಡೆದುಕೊಂಡಿತು. ಲಕ್ಷ್ಮೀಕಾಂತ್. ಪರದೆ ಸರಿಸುವ ಮೊದಲೇ ಅಜ್ಜಿ ಮಗನಿಗೆ ಫೋನು ಮಾಡಿ, ಅವನ ಮಾತು ಕೇಳಿಸದಿದ್ದರೂ, ‘ಕಾಲ ಮೇಲೆ ನೀರು ಬೀಳ್ತೈತೆ’ ಎಂದು ಹೇಳಿಬಿಟ್ಟಿದ್ದರು.

“ಏನ್ರೀ ಕೈಸರ್, ಹಾಕಿ ಒಂದಿನ ಆಗಿಲ್ಲ, ಆಗ್ಲೇ ಸೋರ್ತೈತಂತೆ? ನಿಮ್ಮ ಹೆಸರು ಕೇಳಿ ಕರೆಸಿದ್ದಲ್ವಾ ನಾವು?”

ಅಜ್ಜಿ ಅವನ ಬಾಯನ್ನೇ ನೋಡುತ್ತಿದ್ದರು. ಕೈಸರ್ ಎಸಿಯ ಕಡೆ ತಿರುಗಿದ. ಹೊಸ ಗೋಡೆಯ ಮೇಲೆ ನೀರು ಇಳಿದ ಗೆರೆ ಉದ್ದಕ್ಕೂ ಕಾಣುತ್ತಿತ್ತು.

“ಹೌದು ಸರ್. ಪೈಪಿನ ಇಳಿಜಾರು ತಪ್ಪಿತ್ತು. ನಂದೇ ತಪ್ಪು. ಸರಿ ಮಾಡೇ ಹೋಗ್ತೀನಿ.”

“ಅಂಗಡಿಯವರಿಗೂ ಹೇಳ್ತೀನಿ.”

“ಹೇಳ್ರಿ ಸರ್.”

ಫೋನು ಇಟ್ಟು, ಉಳಿದ ಮಜ್ಜಿಗೆ ಕುಡಿದ. ಕೆಲಸ ಬಾಕಿಯಿತ್ತು. ಹೊರಗೋಡೆಯ ತೂತನ್ನು ಅವನೇ ಕಿತ್ತು ತೆರೆದಿದ್ದ. ಹಾಗೆ ಬಿಟ್ಟು ಹೋದರೆ ಜೂನಿನಲ್ಲಿ ಮಳೆ ಬಂದು ನೋಡುತ್ತದೆ. ಹೊಸ ಸಿಮೆಂಟು ಕಲಸಿಕೊಂಡು ಕಿಟಕಿಯ ಬಳಿ ನಿಂತ. ಹಲಗೆಯ ಮೇಲೆ ಬಿಸಿಲು ಹಾಗೆಯೇ ಇತ್ತು. ಕಾಲು ಎತ್ತಲು ಒಂದು ಕ್ಷಣ ಆಗಲಿಲ್ಲ.

ಶಿವಗಂಗಮ್ಮ ಕುರ್ಚಿ ಎಳೆದು ತಂದು ಕಿಟಕಿಗೆ ಒತ್ತಿ ಕೂತರು. ಗಾಜನ್ನು ಪೂರ್ತಿ ಸರಿಸಿ, ಚಿಲಕದ ಮೇಲೆ ಕೈಯಿಟ್ಟುಕೊಂಡರು. ಸೆಕೆ ಕೋಣೆಯೊಳಗೆ ನುಗ್ಗಿತು.

“ಕಿಟಕಿ ಹಿಂಗೆ ತೆಗೆದಿಟ್ರೆ ಕೋಣೆ ಕಾದೋಗ್ತೈತ್ರಿ ಅಜ್ಜಿ,” ಎಂದ ಕೈಸರ್.

“ಕಾದ್ರೆ ಕಾಯ್ಲಿ. ನೀ ನಡಿ.”

ಅವನು ಇಳಿದ. ಬಕೆಟ್ಟು ಹತ್ತಿ, ಗೋಡೆಗೆ ಮುಖ ಮಾಡಿ, ಪೈಪಿನ ಸುತ್ತ ಹೆಬ್ಬೆರಳಿನಿಂದ ಸಿಮೆಂಟು ಒತ್ತತೊಡಗಿದ. ಅಲ್ಲಿಂದ ಅಜ್ಜಿ ಕಾಣುತ್ತಿರಲಿಲ್ಲ. ನಿಮಿಷಕ್ಕೊಮ್ಮೆ ಅವರ ದನಿ ಬರುತ್ತಿತ್ತು.

“ಇದ್ದೀಯೇನಪ್ಪ?”

“ಇದ್ದೀನಿ ಅಜ್ಜಿ.”