ಹಾಫ್ನರ್ ಮನೆಯಾಕೆ

ಮೊನ್ನೆ ಶನಿವಾರ ಮಗಳು ಕುಂಬಾರಿಕೆ ಕ್ಲಾಸಿನಿಂದ ಮನೆಗೆ ಬಂದಳು. ಇಲ್ಲಿ ಜರ್ಮನಿಯ ಎಷ್‌ಬಾರ್ನಿನಲ್ಲಿ ಅದೊಂದು ಹವ್ಯಾಸ. ದುಡ್ಡು ಕೊಟ್ಟು ಹೋಗಿ, ಮೈತುಂಬ ಕೆಸರು ಮಾಡಿಕೊಂಡು, ಒಂದು ಸೊಟ್ಟ ಬಟ್ಟಲು ಹಿಡಿದು ಬರುತ್ತಾರೆ. "ಮೊದ್ಲ ಕೈ ತೊಳ್ಕೋ ಹೋಗವ್ವಾ" ಎಂದೆ. "ಗ್ಲೈಷ್, ಪಾಪಾ" ಎಂದಳು. ಆ 'ಈಗ ಬಂದೆ' ಅರ್ಧ ಗಂಟೆಯಾದರೂ ಬರುವುದಿಲ್ಲ. ಸೋಫಾದ ಮೇಲೆ ಕುಳಿತೇಬಿಟ್ಟಳು. ಹಸಿ ಮಣ್ಣಿನ ವಾಸನೆ ಕೋಣೆಯೆಲ್ಲ ಹಬ್ಬಿತು. ನ್ಯಾಯವಾಗಿ ನನಗೆ ತಿಗರಿ ತಿರುಗಿಸುತ್ತಿದ್ದ ನನ್ನ ಮುತ್ತಜ್ಜ ನೆನಪಾಗಬೇಕಿತ್ತು. ನೆನಪಾದವಳು ರೇಗನ್ಸ್‌ಬರ್ಗ್ ಬಳಿಯ ಒಂದು ಹಳ್ಳಿಯ ನನ್ನ ಮನೆಯೊಡತಿ...

ಅದು ಜರ್ಮನಿಯವರೂ ಗ್ರೀನ್ ಕಾರ್ಡ್ ಕೊಟ್ಟ ಕಾಲ. ಐದು ವರ್ಷ ದುಡಿಯಿರಿ, ಆಮೇಲೆ ನಿಮ್ಮ ದಾರಿ ನಿಮಗೆ ಎಂದು ನಮ್ಮನ್ನು ಕರೆಸಿಕೊಂಡಿದ್ದರು. ನನಗೆ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ. ಪೇಟೆಯಲ್ಲಿ ಮನೆ ಕೇಳಿ ಕೇಳಿ ಚಪ್ಪಲಿ ಸವೆಯಿತು. ಒಗ್ಗರಣೆ ವಾಸನೆ ಗೋಡೆಗೆ ಹಿಡಿಯುತ್ತದಂತೆ! ಕೊನೆಗೆ ಈಕೆ ಮಹಡಿಯ ಎರಡು ಕೋಣೆ ಕೊಟ್ಟಳು. ಎಪ್ಪತ್ತು ದಾಟಿದ ವಿಧವೆ, ಮಕ್ಕಳಿರಲಿಲ್ಲ. ಮ್ಯೂನಿಕ್‌ನಲ್ಲಿ ಅಕ್ಕನ ಮಗನೊಬ್ಬನಿದ್ದ. ವರ್ಷಕ್ಕೊಮ್ಮೆ ಬಂದು ಅಂಗಳದಲ್ಲೇ ನಿಂತು ಜಾಗದ ಅಳತೆ ನೋಡಿ ಹೋಗುತ್ತಿದ್ದ. ಆಕೆಯದು ಒರಟು ಬವೇರಿಯನ್ ಮಾತು. ಕ್ಲಾಸಿನಲ್ಲಿ ಕಲಿತ ನನ್ನ ಜರ್ಮನ್ ಅದರ ಮುಂದೆ ಮೂರಾಬಟ್ಟೆ. ಆದರೆ ಆ ಗತ್ತು, ಆ ಎಳೆತ ನನ್ನ ಕಿವಿಗೆ ನಮ್ಮ ಬಾಗಲಕೋಟೆ ಕಡೆಯ ಮುದುಕಿಯರದೇ. ಹಾಗಾಗಿ ಆಕೆಯ ಮಾತು ನನಗೆ ನೆನಪಾಗುವುದೂ ನಮ್ಮ ಮಾತಿನಲ್ಲೇ.

ಆ ಊರಲ್ಲಿ ಯಾರನ್ನೂ ಅವರವರ ಅಡ್ಡಹೆಸರಿನಿಂದ ಕರೆಯುತ್ತಿರಲಿಲ್ಲ. ಮನೆಗೊಂದು ಹೆಸರು, ಆ ಮನೆಯಲ್ಲಿದ್ದವರಿಗೆಲ್ಲ ಅದೇ ಹೆಸರು. ಎದುರುಮನೆ 'ಕಮ್ಮಾರ'ನದು, ಅಲ್ಲಿದ್ದವನು ವಿಮೆ ಮಾರುತ್ತಿದ್ದ, ಜನ್ಮದಲ್ಲಿ ಸುತ್ತಿಗೆ ಹಿಡಿದವನಲ್ಲ. ಆದರೂ ಊರಿಗೆ ಅವನು ಕಮ್ಮಾರ. ಆಚೆ 'ನೇಕಾರ'ನ ಮನೆ, ಮಗ್ಗ ಯಾವಾಗಲೋ ಒಲೆ ಸೇರಿತ್ತು. ನಮ್ಮದು 'ಹಾಫ್ನರ್' ಮನೆ. ಹಾಫ್ನರ್ ಅಂದರೆ ಕುಂಬಾರ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ಗಡಿಗೆ ಹೋಗುತ್ತಿದ್ದದ್ದು ಇಲ್ಲಿಂದಲೇ. ಮಣ್ಣು ತೋಡಿದ ಹೊಂಡ ಹಿತ್ತಿಲ ಹಿಂದೆ ಹಾಗೇ ಇತ್ತು, ಅದರಲ್ಲಿ ಬಾತುಕೋಳಿ ಈಜುತ್ತಿದ್ದವು. ಆಲೂಗಡ್ಡೆ ಅಗೆಯಲು ಆಕೆ ನನ್ನನ್ನು ಎಳೆದೊಯ್ದಾಗಲೆಲ್ಲ ಗುದ್ದಲಿಗೆ ಹಳೆಯ ಮಡಕೆ ಚೂರು ಸಿಗುತ್ತಿತ್ತು. ಆಗಲೂ ಇದೇ ವಾಸನೆ.

ಅಂಥ ಒಂದು ದಿನ ಆಕೆ ಕೇಳಿದಳು, "ನಿನ್ನ ಹೆಸರಿಗೆ ಏನಾರ ಅರ್ಥ ಐತೇನು?"

ನನ್ನ ಅಡ್ಡಹೆಸರು ಕುಂಬಾರ. ಕಾಲೇಜಿನಲ್ಲಿ, ಬೆಂಗಳೂರಿನ ಆಫೀಸಿನಲ್ಲಿ ಅದನ್ನು 'ಕೆ' ಎಂಬ ಒಂದೇ ಅಕ್ಷರಕ್ಕೆ ಇಳಿಸಿಕೊಂಡು ಬದುಕಿದ್ದೆ. ಪೂರ್ತಿ ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಏನೋ ಒಂದು ಲೆಕ್ಕ ನಡೆಯುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಗುದ್ದಲಿ ಊರಿ ನಿಂತು ಅರ್ಥ ಹೇಳಿದೆ.

"ಅಯ್ಯ ನಿನ್ನ! ಹಂಗಂದ್ರ ನೀನೂ ಹಾಫ್ನರನ ಅಲ್ಲೇನೋ!" ಎಂದು ಕೂಗಿದಳು. ಕೆಸರುಗೈಯಲ್ಲೇ ನನ್ನ ತೋಳು ಹಿಡಿದು ಬೀದಿಗೆ ಎಳೆದು ತಂದು ಕಮ್ಮಾರನಿಗೆ ಹೇಳಿದಳು, ಬೇಕರಿಯವಳಿಗೆ ಹೇಳಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಇಷ್ಟು ವರ್ಷ ಬಚ್ಚಿಟ್ಟುಕೊಂಡ ಹೆಸರಿಗೆ ಜನ ಟೋಪಿ ಎತ್ತಿ ನಮಸ್ಕಾರ ಮಾಡಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆಖೆನ್‌ನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ಹುಡುಕಿಕೊಂಡು ಬಂದಾಗ ಬಸ್ ಸ್ಟಾಪಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲವಂತೆ. "ಇಂಡಿಯಾದವನು ಅಂದ್ರೆ ಎಲ್ರೂ 'ಓ, ಹಾಫ್ನರ್!' ಅಂತಾರಲ್ಲೋ. ಏನ್ ಗುರು, ಜಾತಿ ಕೆಟ್ಯಾ?" ಎಂದ. "ಇಲ್ಲಲೇ, ಈಗ ಸಿಕ್ಕೇತಿ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆದರೆ ಆಕೆಗೆ ಅದು ನಗುವ ವಿಷಯವಾಗಿರಲಿಲ್ಲ. ಆ ಊರಲ್ಲಿ ಹೆಣ ಎತ್ತಿದಾಗ ಪೆಟ್ಟಿಗೆಯ ಮುಂದೆ ಮರದ ಶಿಲುಬೆ ಹಿಡಿದು ನಡೆಯುವವನು ಅದೇ ಮನೆಯಲ್ಲಿ ಇರುವವನಾಗಬೇಕು. ಯಾರೂ ಇಲ್ಲದಿದ್ದರೆ ಚರ್ಚಿನ ಆಳು ಹಿಡಿಯುತ್ತಾನೆ, ಮನೆಯ ಬಾಗಿಲು ಮುಚ್ಚಿತು ಎಂದು ಊರು ತಿಳಿಯುತ್ತದೆ. ಅಕ್ಕನ ಮಗ ಆ ಮನೆಯಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸುತ್ತೇನೆಂದು ಆಕೆಯ ಮುಖಕ್ಕೇ ಹೇಳಿದ್ದ. ಆಕೆಗೆ ಸಾವಿನ ಭಯವಿರಲಿಲ್ಲ. ಇದ್ದದ್ದು ಇದೊಂದೇ ಭಯ.

ಒಂದು ಮಧ್ಯಾಹ್ನ ಸೂಪು ಬಡಿಸುತ್ತಾ ಕೇಳಿಯೇ ಬಿಟ್ಟಳು. "ನನ್ನ ಮುಂದ ನೀ ನಡೀತೀಯೇನು?"

"ನಾ ನಿಮ್ಮ ಧರ್ಮದಾವ ಅಲ್ರೀ" ಎಂದೆ.

"ನಾ ಧರ್ಮ ಎಲ್ಲಿ ಕೇಳಿದ್ನೋ? ಯಾವ ಮನ್ಯಾಗ ಇರ್ತಿ ಹೇಳು."

ನಡೆಯುತ್ತೇನೆ ಎಂದೆ. ಆದರೆ ನನ್ನ ಐದು ವರ್ಷ ಮುಗಿಯುತ್ತಾ ಬಂದಿತ್ತು. ಕಾರ್ಖಾನೆಯಲ್ಲಿ ವಾರವಾರವೂ ಯಾರದ್ದೋ ಮೇಜು ಖಾಲಿಯಾಗುತ್ತಿತ್ತು. ವಿದೇಶಿಯರ ಕಚೇರಿಗೆ ಅಲೆದು ಅಲೆದು ನಾನು ಹಣ್ಣಾಗಿದ್ದೆ. ಸಂಜೆ ಬಂದರೆ ಆಕೆ ಬಾಗಿಲಲ್ಲೇ "ಏನಂದ್ರು?" ಎಂದು ಕೇಳುತ್ತಿದ್ದಳು. ಇನ್ನೂ ಏನೂ ಹೇಳಿಲ್ಲ ಎನ್ನುತ್ತಿದ್ದೆ. ಆಕೆ ಬೇಗ ಸಾಯಬೇಕು ಇಲ್ಲವೇ ನಾನು ತಡವಾಗಿ ಹೋಗಬೇಕು... ಎಂಥ ದರಿದ್ರ ಲೆಕ್ಕವದು! ಇಬ್ಬರ ತಲೆಯಲ್ಲೂ ಅದೇ ಓಡುತ್ತಿತ್ತು.

ಆಕೆಯೇ ಮೊದಲು ಹೋದಳು. ನನ್ನ ಐದು ವರ್ಷದ ಕೊನೆಯ ಚಳಿಗಾಲ, ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತಲ್ಲೇ. ಅಂತ್ಯಕ್ರಿಯೆಯ ದಿನ ಅಕ್ಕನ ಮಗ ಕರಿ ಕೋಟು ಹಾಕಿಕೊಂಡು ಬಂದು ಶಿಲುಬೆಗೆ ಕೈ ಚಾಚಿದ. ಪಾದ್ರಿ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಆಗ ವಿಮೆ ಮಾರುವ ಕಮ್ಮಾರ ಮುಂದೆ ಬಂದು, "ಇಂವ ಹಾಫ್ನರ್ ಅದಾನ್ರೀ" ಎಂದ. ಅಷ್ಟೇ. ಶಿಲುಬೆ ನನ್ನ ಕೈಗೆ ಬಂತು. ಹಿಮದಲ್ಲಿ ಕಾಲು ಜಾರುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಹಿಂದಿನಿಂದ ಊರು ನಡೆದು ಬಂತು. ನನ್ನ ಸ್ವಂತ ಅಜ್ಜಿಯ ಮಣ್ಣಿಗೆ ನನಗೆ ರಜೆ ಸಿಕ್ಕಿರಲಿಲ್ಲ. ಆ ದಾರಿಯುದ್ದಕ್ಕೂ ಅತ್ತೆ, ಇಬ್ಬರಿಗೂ ಸೇರಿಸಿ.

ಆಮೇಲೆ ಕಾನೂನು ಬದಲಾಯಿತು, ಇರಲು ಬಿಟ್ಟರು. ನಾನು ಎಷ್‌ಬಾರ್ನಿಗೆ ಬಂದೆ. ಮನೆ ಕೆಡವಿದರಂತೆ, ಹೊಂಡ ಮುಚ್ಚಿದರಂತೆ. ಎಸ್-ಬಾನ್ ರೈಲು ಹಿಡಿಯುವುದು, ಇಳಿಯುವುದು, ಮತ್ತೆ ಹಿಡಿಯುವುದು, ಇದರಲ್ಲೇ ವರ್ಷಗಳು ಹೋದವು.

ಮಗಳ ಕೈಯ ವಾಸನೆ ಬಿಡಲಿಲ್ಲ. ಸೋಮವಾರ ಕಮ್ಮಾರನಿಗೆ ಫೋನ್ ಮಾಡಿದೆ. ಮುದುಕನಾಗಿದ್ದಾನೆ. ಈ ದೇಶದಲ್ಲಿ ಗೋರಿಗೂ ಬಾಡಿಗೆ, ಅವಧಿ ಇರುತ್ತದೆ. ಆಕೆಯದು ಮುಗಿಯಿತಂತೆ, ಅಕ್ಕನ ಮಗ ಮುಂದುವರಿಸುವುದಿಲ್ಲ ಎಂದನಂತೆ. ಬರುವ ತಿಂಗಳು ನೆಲ ಸಮ ಮಾಡುತ್ತಾರೆ. ಆ ದುಡ್ಡು ನಾನೇ ಕಟ್ಟೋಣವೆಂದು ಕೂಡಲೇ ಆ ಊರಿನ ಚರ್ಚಿನ ಕಚೇರಿಗೆ ಫೋನ್ ಮಾಡಿದೆ. ಎತ್ತಿದವಳು ಹೊಸಬಳು, ಎಳೆಯ ದನಿ, ಬಹಳ ಮರ್ಯಾದೆಯ ಹುಡುಗಿ.

"ನೀವು ಅವರ ಸಂಬಂಧಿಕರಾ?" ಎಂದು ಕೇಳಿದಳು.

"ಅಲ್ಲ. ನಾನು ಹಾಫ್ನರ್ ಮನೆಯವನು."

ಕೀಬೋರ್ಡಿನ ಸದ್ದು ಕೇಳಿತು. ಪಾಪ, ಬಹಳ ಹೊತ್ತು ಹುಡುಕಿದಳು.

"ಕ್ಷಮಿಸಿ, ಆ ಹೆಸರಿನ ಮನೆ ನಮ್ಮೂರಲ್ಲಿ ಇಲ್ಲವಲ್ಲ."

"ಹೌದಮ್ಮ," ಎಂದೆ, "ಇಲ್ಲ."