ಅಯಸ್ಕಾಂತಕ್ಕೆ ಕುಂಕುಮ

ದಸರಾ ರಜಕ್ಕೆ ಮುಂಚೆ ಸ್ಕೂಲಲ್ಲಿ ಆಯುಧಪೂಜೆ ಮುಗಿಸಿಕೊಂಡು ನನ್ನ ಮೊಮ್ಮಗಳು ಗಿರಿಜೆ ಕುಣಿಯುತ್ತಾ ಮನೆಗೆ ಬಂದಳು.

"ಅಜ್ಜೀ, ಇವತ್ತು ಅಯಸ್ಕಾಂತಕ್ಕೆ ಕುಂಕುಮ ಇಟ್ವಿ!"

"ಅದು ಮೊಳೆ ಹಿಡೀತದಂತಲ್ಲೇ, ಹಿಡೀತಾ?"

"ಗೊತ್ತಿಲ್ಲ. ಮುಟ್ಟಂಗಿಲ್ಲ. ಪೂಜೆ ಆದ್ಮೇಲೆ ಹೆಡ್‌ಮೇಷ್ಟ್ರು ಟ್ರಂಕಿಗೆ ಹಾಕಿ ಬೀಗ ಜಡಿದ್ರು."

ಗುಬ್ಬಿಯ ನಮ್ಮ ಪ್ರೈಮರಿ ಸ್ಕೂಲಿಗೆ ವಿಜ್ಞಾನದ ಸಾಮಾನು ಅಂತ ಬಂದಿರುವುದು ಆ ಒಂದೇ ಟ್ರಂಕು. ಅದರೊಳಗಿನದು ವರ್ಷಕ್ಕೊಮ್ಮೆ ಉತ್ಸವಮೂರ್ತಿಯ ಹಾಗೆ ಹೊರಗೆ ಬರುತ್ತದೆ. ಮಕ್ಕಳು ಕೈಮುಗಿದು ಕಡ್ಲೆಪುರಿ ತಿನ್ನುತ್ತಾರೆ. ಆಮೇಲೆ ಪಾಠವೆಲ್ಲ ಬೋರ್ಡಿನ ಮೇಲೆ. ಸೀಮೆಸುಣ್ಣದ ಅಯಸ್ಕಾಂತ ಯಾವ ಮೊಳೆ ಹಿಡಿದೀತು?

ನನಗೆ ಮೈ ಉರಿಯಿತು. ರಜ ಮುಗಿದ ದಿನವೇ ಸ್ಕೂಲಿಗೆ ಹೋದೆ.

"ಆಯುಧಪೂಜೆ ಅಂದ್ರೆ ವರ್ಷವೆಲ್ಲ ದುಡಿದ ಸಾಮಾನಿಗೆ ಅಲ್ವಾ ಮೇಷ್ಟ್ರೇ? ಮಚ್ಚು, ನೇಗಿಲು, ಬಸ್ಸು. ಒಂದಿನಾನೂ ಕೆಲಸ ಮಾಡ್ದಿರೋ ಅಯಸ್ಕಾಂತಕ್ಕೆ ಯಾಕೆ ಕುಂಕುಮ?"

"ಅಜ್ಜಮ್ಮ, ಮುರಿದೋದ್ರೆ ಇನ್‌ಸ್ಪೆಕ್ಟರ್‌ಗೆ ಉತ್ತರ ಕೊಡೋರು ಯಾರು? ನನ್ನ ತಲೆ ಮೇಲೆ ಬರುತ್ತೆ."

(ಅವರದ್ದೂ ತಪ್ಪಿಲ್ಲ ಬಿಡಿ. ಸಾಮಾನು ಮುರಿದರೆ ನೋಟಿಸ್ ಬರುತ್ತದೆ. ಮಗು ಕಲಿಯದಿದ್ದರೆ ಬರುವುದಿಲ್ಲ.)

ಸುಟ್ಟುಹೋದ ಸ್ಪೀಕರಿನಲ್ಲೂ ಅಯಸ್ಕಾಂತ ಇರುತ್ತದೆ ಅಂತ ಗಿರಿಜೆಯ ಟೀಚರಮ್ಮ ಮೆತ್ತಗೆ ನನ್ನ ಕಿವಿಗೆ ಹಾಕಿದರು. ಅಲ್ಲಿಂದ ನೇರ ಬಸ್‌ಸ್ಟ್ಯಾಂಡ್ ಪಕ್ಕದ ಬಾಷಾ ಸಾಬಿಯ ಮೈಕ್‌ಸೆಟ್ ಅಂಗಡಿಗೆ.

"ಏನಜ್ಜಿ, ಮೈಕ್ ಬೇಕಿತ್ತಾ?"

"ನನ್ನ ಬಾಯಿಗೆ ಮೈಕ್ ಬೇರೆ ಕೇಡು! ಆ ಹಾಳು ಸ್ಪೀಕರಿನ ಅಯಸ್ಕಾಂತ ಕಿತ್ಕೊಡಪ್ಪ, ಸ್ಕೂಲ್ ಮಕ್ಕಳಿಗೆ."

ನಗುತ್ತಾ ಕಿತ್ತುಕೊಟ್ಟ. ಉದ್ದಿನ ವಡೆಯ ಹಾಗಿತ್ತು, ನಡುವೆ ತೂತು.

ಮಕ್ಕಳು ಆ ವಡೆಗೆ ದಾರ ಕಟ್ಟಿ ಸ್ಕೂಲಿನ ಅಂಗಳದ ಮರಳಲ್ಲಿ ಎಳೆದರು. ಮೈತುಂಬ ಕರೀ ಪುಡಿ ಮೆತ್ತಿಕೊಂಡು ಕರಡಿಮರಿ ಆಯಿತು. "ಮಣ್ಣಲ್ಲೇ ಕಬ್ಬಿಣ ಐತೆ ಕಣ್ರೋ!" ಒಂದೇ ಕೂಗಾಟ. ಟೀಚರಮ್ಮ ಹೇಳಿಕೊಟ್ಟಂತೆ ಹೊಲಿಗೆ ಸೂಜಿಯನ್ನು ಅದರ ಮೇಲೆ ಒಂದೇ ದಿಕ್ಕಿಗೆ ಉಜ್ಜಿದರು. ಸೂಜಿಯೂ ಅಯಸ್ಕಾಂತವಾಯಿತು. ಗದರಲು ಹೊರಗೆ ಬಂದ ಹೆಡ್‌ಮೇಷ್ಟ್ರು ಪಂಚೆ ಎತ್ತಿಕೊಂಡು ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟರು!

ಮಾರನೇ ದಿನ ನನಗೆ ಬುಲಾವ್ ಬಂತು.

"ಬನ್ನಿ ಅಜ್ಜಮ್ಮ, ನಮ್ಮದರ ಜೋರು ನೋಡಿ," ಅಂತ ಹೆಡ್‌ಮೇಷ್ಟ್ರು ಟ್ರಂಕಿನ ಬೀಗ ತೆಗೆದರು. ಪಟ್ಟಿಯಂಥ ಅಯಸ್ಕಾಂತದ ಕುಂಕುಮ ಒರೆಸಿದರು. ಗುಂಡುಪಿನ್ನಿನ ರಾಶಿಗೆ ಹಿಡಿದರು.

ಒಂದು ಪಿನ್ನೂ ಮೇಲೇಳಲಿಲ್ಲ.

ವರ್ಷಗಟ್ಟಲೆ ಹೇಗೆಂದರೆ ಹಾಗೆ ತುರುಕಿಟ್ಟರೆ ಶಕ್ತಿ ಇಳಿದುಹೋಗುತ್ತದಂತೆ. ಟೀಚರಮ್ಮ ಹೇಳಿದರು. ಹೆಡ್‌ಮೇಷ್ಟ್ರ ಮುಖ ನೋಡಲಾಗಲಿಲ್ಲ. ಪಾಪ, ಮಕ್ಕಳ ಕೈಯಿಂದ ಕಾಪಾಡಿದ್ದೇ ಕಾಪಾಡಿದ್ದು.

ಆಗ ಗಿರಿಜೆ ಮುಂದೆ ಬಂದಳು. "ಸಾರ್, ಸೂಜಿ ಥರ ಇದನ್ನೂ ಉಜ್ಲಾ?"

"ಹುಷಾರು ಕಣೇ, ಮುರಿದೀಯ!"

"ಸತ್ತೋಗಿರೋದ್ರಲ್ಲಿ ಇನ್ನೇನ್ ಮುರೀತದೆ ಮೇಷ್ಟ್ರೇ? ಕೊಡಿ ಅತ್ಲಾಗೆ," ಅಂದೆ.

ಕೊಟ್ಟರು. ಅವಳು ಅದನ್ನು ಸಾಬಿಯ ವಡೆಯ ಮೇಲೆ ಒಂದೇ ದಿಕ್ಕಿಗೆ, ಅವಸರವಿಲ್ಲದೆ ಉಜ್ಜಿದಳು. ಪಿನ್ನಿನ ಮೇಲೆ ಹಿಡಿದಳು. ಒಂದು ಪಿನ್ನು ಎದ್ದಿತು. ಅದರ ಬಾಲ ಹಿಡಿದು ಇನ್ನೊಂದು. ಮಕ್ಕಳ ಕಿರುಚಾಟ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು.

ಮೊಮ್ಮಕ್ಕಳ ಬಗ್ಗೆ ಜಂಬ ಕೊಚ್ಚಬಾರದು ಅಂತಾರೆ. ಯಾಕೆ ಕೊಚ್ಚಬಾರದು? ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನನ್ನ ಮೊಮ್ಮಗಳು ಸತ್ತ ಅಯಸ್ಕಾಂತಕ್ಕೆ ಜೀವ ಬರಿಸಿದಳು. ಊರೆಲ್ಲ ಹೇಳಿಕೊಂಡು ಬಂದಿದ್ದೇನೆ, ಈಗ ನಿಮಗೂ ಹೇಳಿದೆ.

ಟ್ರಂಕಿಗೆ ಈಗ ಬೀಗವಿಲ್ಲ. ಬರುವ ಆಯುಧಪೂಜೆಯಲ್ಲಿ ಮೊದಲ ಕುಂಕುಮ ಬಾಷಾ ಸಾಬಿಯ ವಡೆಗೇ ಅಂತ ಹೆಡ್‌ಮೇಷ್ಟ್ರಿಗೆ ಹೇಳಿಟ್ಟಿದ್ದೇನೆ.

ದುಡಿದದ್ದು ಅದು ತಾನೇ?