ಮಾರ್ತಾಬಾಯಿಯ ಕತ್ತರಿ

ನಿಮ್ಮಪ್ಪನ ಕೊರಳಿನ ದಾರ ಕತ್ತರಿಸಿದವಳು ಮಾರ್ತಾಬಾಯಿ ಅಲ್ಲ, ಮೊಮ್ಮಕ್ಕಳೇ. ನಾನು.

ಇದನ್ನು ಬಾಯಿಂದ ಹೇಳಲು ಎಷ್ಟೋ ಸಲ ಹೊರಟಿದ್ದೇನೆ — ನೀವೆಲ್ಲ ಊಟಕ್ಕೆ ಕುಳಿತಾಗ, ನಿಮ್ಮಪ್ಪ ಅಂಗಿ ತೆಗೆದು ಬೆನ್ನು ತೋರಿಸಿ ಎಣ್ಣೆ ಹಚ್ಚು ಎಂದಾಗ. ಆ ಕೊರಳಿನ ಪಕ್ಕದ ಸಣ್ಣ ಬಿಳಿ ಗುರುತು ಕಂಡೊಡನೆ ಬೇರೆ ಏನಾದರೂ ಮಾತು ತೆಗೆಯುತ್ತಿದ್ದೆ.

ಮೊನ್ನೆ ನಿಮ್ಮಲ್ಲೇ ಒಬ್ಬಳಾದ ಸುಗುಣಾ ತನ್ನ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. "ಬಾಯಿ ತಗಿತೀಯೋ ಇಲ್ಲೋ? ಮಾರ್ತಾಬಾಯಿ ಬಂದ್ಳು ನೋಡು, ಕತ್ತರಿ ತಗೊಂಡು" ಅಂದಳು. ಕೂಸು ಗಪ್ಪನೆ ಬಾಯಿ ತೆರೆಯಿತು. ನೀವೆಲ್ಲ ನಕ್ಕಿರಿ. ನಾನು ಸೊಂಟ ನೋಯುತ್ತದೆ ಎಂದು ಎದ್ದು ಒಳಗೆ ಹೋದೆ. ಸೊಂಟ ನೋಯುತ್ತಿರಲಿಲ್ಲ.

ಆ ಹೆಸರಿನಿಂದ ನನ್ನ ಅತ್ತೆ ನಿಮ್ಮಪ್ಪನನ್ನು ಹೆದರಿಸಿದರು. ನಿಮ್ಮಪ್ಪ ನಿಮ್ಮನ್ನು ಹೆದರಿಸಿದ. ಈಗ ನೀವು ನಿಮ್ಮ ಮಕ್ಕಳನ್ನು ಹೆದರಿಸುತ್ತಿದ್ದೀರಿ. ಈ ಮನೆಯ ಗುಮ್ಮ ಆಗಿ ಬಾಳಿದ ಆ ಹೆಂಗಸು ಯಾರು ಎಂದು ನಿಮಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವಳು ನಾನೊಬ್ಬಳೇ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆಗಷ್ಟೇ ಜೋರು ಹಿಡಿದಿತ್ತು. ನಿಮ್ಮಜ್ಜ ಧಾರವಾಡದ ಕಡೆಯ ನಮ್ಮ ಹಳ್ಳಿ ಬಿಟ್ಟು ಅಲ್ಲಿ ಬಿದಿರು ಇಳಿಸುವ ಕೆಲಸಕ್ಕೆ ಸೇರಿದರು. ಅಂಬೇವಾಡಿಯ ಒಂದು ಚಾಳಿನಲ್ಲಿ ನಮ್ಮದೊಂದು ಕೋಣೆ. ಕಾರ್ಖಾನೆಯ ಭೋಂಗಾ ಕೂಗಿದರೆ ಒಲೆ ಹೊತ್ತಿಸುವುದು, ಮತ್ತೊಮ್ಮೆ ಕೂಗಿದರೆ ರೊಟ್ಟಿ ಕಟ್ಟಿಕೊಡುವುದು — ಇಷ್ಟೇ ನನ್ನ ದಿನ. ಹಳ್ಳಿಯ ಸಾಲಿಯಲ್ಲಿ ನಾಲ್ಕನೇ ಈಯತ್ತೆ ಕಲಿತಿದ್ದೆ. ಓದುವ ಚಟ ಇತ್ತು, ಓದಲು ಏನೂ ಇರಲಿಲ್ಲ. ಬೆಲ್ಲ ಕಟ್ಟಿ ತಂದ ಕಾಗದವನ್ನು ಬಿಡಿಸಿ, ಅಂಟು ಒರೆಸಿ ಓದುತ್ತಿದ್ದೆ.

ಅದನ್ನು ನೋಡಿದವಳು ಮಾರ್ತಾಬಾಯಿ. ನಮ್ಮ ಕೋಣೆಗೆ ಗೋಡೆಯಾಚೆಯವಳು. ಗಂಡ ಕಟ್ಟಿಗೆಯ ಲಾರಿ ಹೊಡೆಯುತ್ತಿದ್ದವನು, ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಒಂದು ಹೊಲಿಗೆ ಮಶೀನು, ಒಂದು ದೊಡ್ಡ ಕರಿ ಹಿಡಿಕೆಯ ಕತ್ತರಿ. ಇಡೀ ಚಾಳಿನ ಝಂಪರು, ಲಂಗ, ಕೂಸುಗಳ ಅಂಗಿ ಅವಳೇ ಹೊಲಿಯುತ್ತಿದ್ದಳು. ಅದೇ ಅವಳ ಅನ್ನ.

"ಬೆಲ್ಲದ ಕಾಗದದಾಗ ಏನ್ ಬರದಾರ ತಂಗಿ, ಇರುವಿ ಪುರಾಣೇನು?" ಎಂದು ನಕ್ಕು, ಒಳಗಿಂದ ಕ್ರೈಸ್ತರ ಸುವಾರ್ತೆಗಳ ಒಂದು ಸಣ್ಣ ಪುಸ್ತಕ ತಂದುಕೊಟ್ಟಳು. "ಓದು. ತಿಳೀಲಿಲ್ಲಂದ್ರ ಕೇಳು. ತಿಳದ್ರ ನನಗ ಹೇಳು."

ಅತ್ತೆಗೆ ಓದು ಬರುತ್ತಿರಲಿಲ್ಲ. ಒಂದು ದಿನ ಕೇಳಿದರು, "ಏನ್ ಓದ್ತೀಯ ಅದು?"

"ದೇವರ ಮಾತ್ರೀ, ಅತ್ತಿ."

"ಓದು, ಓದು. ದೇವರ ಮಾತಿಲೆ ಸಾರು ಕುದಿಯಂಗಿದ್ರ ಒಲಿ ಮುಂದೂ ಓದು," ಎಂದು ಚುಚ್ಚಿದರು. ಆದರೆ ಬೇಡವೆನ್ನಲಿಲ್ಲ. ನನ್ನ ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಅವರ ಕತೆ ನೆಟ್ಟಗೆ ಹೇಳದೆ ನನ್ನ ತಪ್ಪನ್ನು ಹೇಳಲಾಗುವುದಿಲ್ಲ.

ನಿಮ್ಮಪ್ಪನಿಗಿಂತ ಮೊದಲು ಹುಟ್ಟಿದ ನನ್ನ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುವಾಗ ಅತ್ತೆ ಗೋಡೆಗೆ ಮುಖ ಮಾಡಿ ನಿಂತದ್ದು ನನಗಿನ್ನೂ ಕಾಣುತ್ತದೆ. ನಿಮ್ಮಪ್ಪ ಹುಟ್ಟಿದಾಗ ಅತ್ತೆ ಕೂಸನ್ನೆತ್ತಿಕೊಂಡು ಊರಿಗೆ ಹೋಗಿ, ದ್ಯಾಮವ್ವನಿಗೆ ಹರಕೆ ಹೊತ್ತು, ಪೂಜಾರಿಯ ಕೈಯಿಂದ ಅದರ ಕೊರಳಿಗೊಂದು ಕರಿ ದಾರ ಕಟ್ಟಿಸಿಕೊಂಡು ಬಂದರು. ತಂದೆತಾಯಿ ಕೂಸನ್ನು ಕರೆದುಕೊಂಡು ಹೋಗಿ ಹರಕೆ ತೀರಿಸಬೇಕು. ಆ ದಿನ ಗುಡಿಯ ಮುಂದೆ ಪೂಜಾರಿಯೇ ದಾರ ಬಿಚ್ಚಬೇಕು. ಅಲ್ಲಿಯವರೆಗೆ ಮನೆಯವರ ಕೈ ಆ ಗಂಟಿಗೆ ತಾಗಬಾರದು.

ನಿಮ್ಮಜ್ಜನಿಗೆ ಹೊಸ ಕೆಲಸ, ರಜೆ ಸಿಗಲಿಲ್ಲ. ಆ ವರ್ಷ ಹೋಯಿತು. ಕೂಸು ಬೆಳೆಯಿತು, ದಾರ ಬೆಳೆಯಲಿಲ್ಲ. ನೀರು ಬಿದ್ದಷ್ಟೂ ಗಟ್ಟಿಯಾಯಿತು. ಕೊರಳ ಮಡಿಕೆಯಲ್ಲಿ ಸೇರಿ ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗಿ ನೀರಿಳಿಯತೊಡಗಿತು. ಅತ್ತೆ ದಾರದ ಆಚೆಗಿಷ್ಟು ಈಚೆಗಿಷ್ಟು ಅರಿಸಿನ ಎಣ್ಣೆ ಹಚ್ಚುತ್ತಿದ್ದರು — ದಾರಕ್ಕೆ ಬೆರಳು ತಾಗದ ಹಾಗೆ. ಕೂಸು ಚೀರಿದರೆ ಅವರೂ ಅಳುತ್ತಿದ್ದರು. ನಿಮ್ಮಜ್ಜ ಹೊರಗೆ ಎದ್ದು ಹೋಗುತ್ತಿದ್ದರು. ನಾವು ಮೂವರೂ ನೋಡುತ್ತಿದ್ದೆವು, ಮೂವರೂ ಮುಟ್ಟುತ್ತಿರಲಿಲ್ಲ. ದಾರ ಹರಿದರೆ ಇದೂ ಹೋಗುತ್ತದೆ ಎಂಬ ಭಯ ಒಂದೇ ನಮಗೆ ಗೊತ್ತಿತ್ತು.

ಆ ದಿನಗಳಲ್ಲೇ ನಾನು ಆ ಪುಸ್ತಕದಲ್ಲಿ ಬೆನ್ನು ಬಾಗಿದ ಹೆಂಗಸಿನ ಕತೆ ಓದಿದೆ. ನೆಟ್ಟಗೆ ನಿಲ್ಲಲಾರದವಳು. ಸ್ವಾಮಿ ಅವಳನ್ನು ಹತ್ತಿರ ಕರೆದು ಬಿಡುಗಡೆ ಮಾಡಿದರು. ಇವತ್ತು ಮಾಡಬಾರದಿತ್ತು, ವಿಶ್ರಾಂತಿಯ ದಿನ ಎಂದು ಹಿರಿಯರು ಸಿಟ್ಟಾದರು. ಕಟ್ಟಿದ ದನವನ್ನು ನೀರಿಗೆಂದು ಇವತ್ತು ನೀವು ಬಿಚ್ಚುವುದಿಲ್ಲವೇ, ಕಟ್ಟಿನಲ್ಲಿರುವ ಇವಳನ್ನು ಬಿಚ್ಚಬಾರದೇ — ಎಂದು ಅವರು ಕೇಳಿದರಂತೆ. ಅದನ್ನು ಮತ್ತೊಮ್ಮೆ ಓದಿದೆ. ನನ್ನ ತೊಡೆಯ ಮೇಲೆ ಕೂಸು ಮಲಗಿತ್ತು, ಉಸಿರಾಡುವಾಗ ದಾರ ಒತ್ತುತ್ತಿತ್ತು. ಹೆದರಿಕೆಯ ಆಚೆಗೂ ಒಂದು ದೇವರಿದ್ದಾನೆ ಎಂದು ಮೊದಲ ಸಲ ಅನ್ನಿಸಿದ್ದು ಆಗ. ಸುಳ್ಳಲ್ಲ, ಮಕ್ಕಳೇ — ಅದು ಸುಳ್ಳಾಗಿರಲಿಲ್ಲ. ಆಮೇಲೆ ನಾನು ಏನೇ ಮಾಡಿದ್ದರೂ, ಆ ಬೆಳಕು ನಿಜ.

ಒಂದು ದಿನ ಅತ್ತೆ ಸಂತೆಗೆ ಹೋಗಿದ್ದರು. ನಾನು ಗೋಡೆಯಾಚೆ ಹೋಗಿ, "ಕೌದಿಗೆ ಹಳೆ ಸೀರಿ ಅರಬಿ ಕತ್ತರಿಸಬೇಕ್ರಿ, ಕತ್ತರಿ ಕೊಡ್ರಿ," ಎಂದೆ. ಮಾರ್ತಾಬಾಯಿ ಏನೂ ಕೇಳದೆ ಕೊಟ್ಟಳು. ನಾನು ದಾರದ ವಿಷಯ ಅವಳಿಗೆ ಹೇಳಲಿಲ್ಲ. ಅವಳೂ ಒಂದು ದಿನವೂ ಅದನ್ನು ತೆಗೆ ಎಂದವಳಲ್ಲ. ಕೂಸಿಗೆ ಗಾಳಿ ಬೀಸುತ್ತ, "ರಜಾ ಕೇಳಂತ ಹೇಳವ್ವ ನಿನ ಗಂಡಗ, ಲಗೂನ ಹೋಗಿ ಮುಗಿಸ್ಕೊಂಡ ಬರ್ರಿ," ಎನ್ನುತ್ತಿದ್ದಳು, ಅಷ್ಟೇ.

ಪ್ರಾರ್ಥನೆ ಹೇಗೆಂದು ಬರದಿದ್ದರೂ ಏನೋ ಅಂದುಕೊಂಡು ಕತ್ತರಿಯ ತುದಿಯನ್ನು ದಾರದ ಕೆಳಗೆ ತೂರಿಸಿದೆ. ಕೂಸು ಹೊರಳಿತು. ದಾರವೂ ಹರಿಯಿತು, ಚರ್ಮವೂ ಹರಿಯಿತು. ರಕ್ತ ಬಂತು. ಒದ್ದೆ ಬಟ್ಟೆ ಒತ್ತಿ ಹಿಡಿದು ಕುಳಿತೆ. ಎದೆ ಹಗುರಾಗಿತ್ತು. ಅತ್ತೆ ಬಂದಾಗ ಎಲ್ಲ ಹೇಳುವೆ, ಸ್ವಾಮಿಯ ಹೆಸರೂ ಹೇಳುವೆ ಎಂದುಕೊಂಡಿದ್ದೆ. ಮಾತನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

ಅತ್ತೆ ಬಂದರು. ಕೂಸಿನ ಕೊರಳು ನೋಡಿದರು. ಸಂತೆಯ ಚೀಲ ಕೈಯಿಂದ ಜಾರಿತು. ಕೂಗಾಡಲಿಲ್ಲ — ಕೂಗಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಮೆಲ್ಲಗೆ ಕೇಳಿದರು:

"ಯಾರ ಕೈ ಇದು? ದ್ಯಾಮವ್ವನ ಆಣಿ, ಆ ಕೈಯಾಗ ಇನ್ನ ಈ ಕೂಸು ಕೊಡಂಗಿಲ್ಲ ನಾ."

ಕತ್ತರಿ ಚಾಪೆಯ ಮೇಲೇ ಇತ್ತು. ನಾನು ಅದನ್ನು ನೋಡಿದೆ. ಅವರೂ ನೋಡಿದರು.

"ಮಾರ್ತಾಬಾಯಿ," ಎಂದೆ.

ಒಂದೇ ಮಾತು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೂ ಬೀಳಲಿಲ್ಲ.

ಮರುದಿನ ಗಾಯಕ್ಕೆ ನಂಜೇರಿ ಕೂಸಿನ ಮೈ ಕೆಂಡವಾಯಿತು. ಸುದ್ದಿ ನಳದ ಹತ್ತಿರ ಮುಟ್ಟಿತು, ನಳದಿಂದ ಎಲ್ಲ ಬಾಗಿಲಿಗೆ. ಹೆಂಗಸರು ಮಾರ್ತಾಬಾಯಿಯ ಬಾಗಿಲಿಗೆ ಕೂಡಿದರು. ಅತ್ತೆ ಕತ್ತರಿ ಹಿಡಿದು ಮುಂದೆ ನಿಂತಿದ್ದರು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ.

"ಇದು ನಿಂದ ಹೌದೋ ಅಲ್ಲೋ?" ಎಂದು ಅತ್ತೆ ಕೇಳಿದರು.

ಮಾರ್ತಾಬಾಯಿ ಕತ್ತರಿ ನೋಡಿದಳು. ಆಮೇಲೆ ಕೂಸಿನ ಕೊರಳ ಪಟ್ಟಿ ನೋಡಿದಳು. ಆಮೇಲೆ ನನ್ನನ್ನು. ಅವಳಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. ಅವಳು ಸುಳ್ಳು ಹೇಳುವ ಹೆಂಗಸಲ್ಲ. ನನ್ನನ್ನು ಹಿಡಿದುಕೊಡುವ ಹೆಂಗಸೂ ಅಲ್ಲ.

"ಕತ್ತರಿ ನಂದ ಐತ್ರಿ, ಅವ್ವಾರ," ಎಂದಳು. "ಮೊದಲ ಕೂಸಿನ್ನ ದವಾಖಾನಿಗೆ ಒಯ್ಯರಿ. ನನ್ನ ಆಮ್ಯಾಲ ಬೈರಿ."

"ನಮ್ಮ ಕೂಸಿನ ಚಿಂತಿ ನಿನಗ್ಯಾಕ? ಕೊರಳ ಕೊಯ್ಯಾಕಿ," ಎಂದಳು ಒಬ್ಬಳು. "ಇಂಥಾಕಿ ಕೈಯಾಗ ನಮ್ಮ ಅರಬಿ ಯಾಕ? ಕೊಡು ನನ್ನ ಝಂಪರು," ಎಂದಳು ಇನ್ನೊಬ್ಬಳು. ಅಲ್ಲಿಂದ ಶುರುವಾಯಿತು. ಒಬ್ಬೊಬ್ಬರಾಗಿ ತಮ್ಮ ಬಟ್ಟೆ ಎತ್ತಿಕೊಂಡರು — ತೋಳು ಹಚ್ಚದ್ದು, ಅಂಚು ಮಡಿಚದ್ದು, ಅಳತೆಗೆ ಸುಣ್ಣದ ಗೆರೆ ಎಳೆದು ಬಿಟ್ಟದ್ದು. ಮೂಲೆಮನೆಯ ಬೀಬಿ ಒಬ್ಬಳೇ ಬಾಗಿಲಲ್ಲಿ ನಿಂತು, "ನಮ್ದು ಹುಡ್ಗೀದು ಅಂಗಿ ಅಲ್ಲೇ ಇರ್ಲಿ. ಮಾರ್ತಾಬಾಯಿ ಹಂಗ ಮಾಡಾಕಿ ಅಲ್ಲ," ಎಂದಳು. ಏನೂ ನೋಡಿರದ ಬೀಬಿ ಅಷ್ಟು ಹೇಳಿದಳು. ಎಲ್ಲ ಗೊತ್ತಿದ್ದ ನಾನು ಕೂಸಿನ ಬೆನ್ನು ತಟ್ಟುತ್ತ ನಿಂತಿದ್ದೆ.

ಕೂಸನ್ನು ದವಾಖಾನೆಗೆ ಒಯ್ದೆವು. ಔಷಧದಿಂದ ಜ್ವರ ಇಳಿಯಿತು. ನಿಮ್ಮಜ್ಜ ಅಂತೂ ರಜೆ ಹಾಕಿ ಎಲ್ಲರನ್ನೂ ಊರಿಗೆ ಕರೆದೊಯ್ದರು, ಹರಕೆ ತೀರಿತು. ಊರಿಗೆ ಹೊರಡುವ ಮೊದಲು ಅತ್ತೆ ಹೇಳಿದ್ದರು, "ನಿನ್ನ ಝಂಪರಿನ ಖಣಾನೂ ಆಕಿ ಕಡೆ ಐತಲ್ಲ, ತಗೊಂಡ ಬಾ."

ಹೋದೆ. ಅವಳ ಕೋಣೆ ಬರಿದಾಗಿತ್ತು. ಮಶೀನಿನ ಮೇಲೆ ನನ್ನ ಝಂಪರು ಒಂದೇ ಇತ್ತು, ಮಡಿಚಿ ಇಟ್ಟದ್ದು. ಪೂರಾ ಹೊಲಿದಿದ್ದಳು — ಗುಂಡಿಯವರೆಗೆ. ನಾನು ಏನಾದರೂ ಅನ್ನಬೇಕಿತ್ತು. ಅವಳೇ ಅದನ್ನು ನನ್ನ ಕೈಗಿಟ್ಟು ಕೇಳಿದಳು,

"ಕೂಸು ಹೆಂಗೈತಿ, ತಂಗಿ?"

"ಆರಾಮೈತ್ರಿ," ಎಂದೆ. ತಿರುಗಿ ಬಂದೆ. ಮನೆಯಲ್ಲಿ ಬಿಡಿಸಿದರೆ ಮಡಿಕೆಯೊಳಗೆ ಆ ಸಣ್ಣ ಪುಸ್ತಕ. ಗದ್ದಲವಾದ ಮೇಲೆ ಅದನ್ನು ನಾನು ಹೆದರಿ ಅವಳ ಬಾಗಿಲಲ್ಲಿ ಇಟ್ಟು ಬಂದಿದ್ದೆ. ಅವಳು ತಿರುಗಿ ಕೊಟ್ಟಿದ್ದಳು. ನಾವು ಊರಿಂದ ಬರುವಷ್ಟರಲ್ಲಿ ಅವಳು ಚಾಳು ಬಿಟ್ಟಿದ್ದಳು. ಹೊಲಿಸುವವರಿಲ್ಲದೆ ಹೊಟ್ಟೆ ತುಂಬೀತು ಹೇಗೆ?

ಆ ಪುಸ್ತಕದಲ್ಲಿ ಮುಂದಕ್ಕೆ ಓದಿದೆ. ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ತನ್ನ ಸ್ವಾಮಿಯನ್ನೇ ನಾನರಿಯೆ ಎಂದ ಶಿಷ್ಯನ ಕತೆ ಬಂತು. ನನ್ನನ್ನೇ ನೋಡಿ ಬರೆದಂತಿತ್ತು. ಇನ್ನೊಬ್ಬರ ತಪ್ಪನ್ನು ಮೈಮೇಲೆ ಹಾಕಿಕೊಂಡು ಬಾಯಿ ಬಿಡದೆ ನಿಂತವರ ಕತೆಯೂ ಬಂತು. ಅದನ್ನು ಬೇರೆಯವರು ಬೋಧನೆ ಕೇಳಿ ತಿಳಿದಾರು. ನಾನು ನೋಡಿ ತಿಳಿದಿದ್ದೆ — ಒಂದು ಕೋಣೆಯ ಬಾಗಿಲಲ್ಲಿ, ಕತ್ತರಿ ನಂದ ಐತ್ರಿ ಎಂಬ ಮಾತಿನಲ್ಲಿ. ಹಾಗೆ ಮೋಸಹೋದ ಮೇಲೂ ಸ್ವಾಮಿ ತಿರುಗಿ ಬಂದು ಆ ಶಿಷ್ಯನ ಸುಳ್ಳನ್ನು ಎತ್ತದೆ, ನನ್ನ ಮೇಲೆ ಪ್ರೀತಿ ಇದೆಯೇ ಎಂದಷ್ಟೇ ಕೇಳಿದರಂತೆ. ಆ ಪುಟದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನಗೆ ಕ್ಷಮೆ ಸಿಕ್ಕಿದೆ ಎಂದು ಅಂದು ನಂಬಿದೆ. ಇಂದೂ ನಂಬುತ್ತೇನೆ. ಆದರೆ ಆ ಕ್ಷಮೆಯನ್ನು ಗಡಿಗೆಯ ಮುಚ್ಚಳದಂತೆ ನನ್ನ ಸುಳ್ಳಿನ ಮೇಲೆ ಇಟ್ಟುಬಿಟ್ಟೆ. ಕೂಸಿನ ಕೊರಳಿನ ದಾರ ಕತ್ತರಿಸಿದವಳು ನನ್ನ ಕೊರಳಿಗೆ ಬೇರೊಂದನ್ನು ಕಟ್ಟಿಕೊಂಡೆ — ಮಂದಿ ಏನೆಂದಾರು ಎಂಬುದು.

ನಿಮ್ಮಪ್ಪ ಸಾಲಿಗೆ ಹೋಗುವಷ್ಟಾದ ಮೇಲೆ ಒಮ್ಮೆ ಹಳಿಯಾಳದ ಸಂತೆಯಲ್ಲಿ ಅವಳನ್ನು ಕಂಡೆ. ಯಾರದೋ ಅಂಗಡಿಯ ಕಟ್ಟೆಯ ಮೇಲೆ ಹರಿದ ಚೀಲ ಹೊಲಿಯುತ್ತಿದ್ದಳು. ಕಣ್ಣಿಗೆ ಚಾಳೀಸು ಬಂದಿತ್ತು. ಮಶೀನು ಕಾಣಲಿಲ್ಲ, ಕೈಯಲ್ಲಿ ದಬ್ಬಣ. ಅವಳು ತಲೆ ಎತ್ತಿದಳು. ನಾನು ಸೆರಗು ಮುಖಕ್ಕೆಳೆದು, ನಿಮ್ಮಪ್ಪನ ಕೈ ಹಿಡಿದು ಬಳೆ ಅಂಗಡಿಯ ಹಿಂದೆ ಸರಿದೆ. ನನ್ನನ್ನು ನೋಡಿದಳೋ ಇಲ್ಲವೋ — ನೋಡಿದಳೆಂದೇ ನನಗನ್ನಿಸುತ್ತದೆ. ಚಾಳಿನಲ್ಲಿ ಸುಳ್ಳು ಹೇಳಿದ್ದು ಕೂಸು ಕಳೆದುಕೊಳ್ಳುವ ಭಯಕ್ಕೆ. ಸಂತೆಯಲ್ಲಿ ಯಾವ ಭಯ? ಅತ್ತೆ ಜೊತೆಗಿರಲಿಲ್ಲ. ಎದುರಿಗೆ ಅವಳೊಬ್ಬಳೇ ಇದ್ದಳು. ಕೆಲವು ವರ್ಷದ ಮೇಲೆ, ಮುಂಡಗೋಡದ ಕಡೆ ಪಾಳಾ ಎಂಬ ಊರಲ್ಲಿ ತೀರಿಕೊಂಡಳೆಂದು ಕೇಳಿದೆ.

ಅತ್ತೆ ಹೋದರು, ನಿಮ್ಮಜ್ಜನೂ ಹೋದರು. ಆಮೇಲೆ ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ನಿಮ್ಮಪ್ಪ ಬೇಡವೆನ್ನಲಿಲ್ಲ; ಇಂದಿಗೂ ಪ್ರಾರ್ಥನಾಲಯದ ಬಾಗಿಲವರೆಗೆ ಬಿಟ್ಟು ಹೋಗುತ್ತಾನೆ. ಅಲ್ಲಿ ವರ್ಷಕ್ಕೊಮ್ಮೆ ಎದ್ದು ನಿಂತು ಸಾಕ್ಷಿ ಹೇಳುವ ರೂಢಿ. ನಾನೂ ಹೇಳುತ್ತೇನೆ: ಒಬ್ಬ ಸಹೋದರಿ ನನಗೆ ಸತ್ಯವೇದದ ಮಾತು ಕೊಟ್ಟರು, ಸ್ವಾಮಿ ನನ್ನನ್ನು ಭಯದಿಂದ ಬಿಡಿಸಿದರು, ಆ ಸಹೋದರಿ ಆಮೇಲೆ ಬೇರೆ ಊರಿಗೆ ಹೋದರು. ಎಲ್ಲರೂ ಆಮೆನ್ ಎನ್ನುತ್ತಾರೆ. ಬೇರೆ ಊರಿಗೆ ಹೋದರು — ಅವಳನ್ನು ಓಡಿಸಿದ್ದಕ್ಕೆ ಇಷ್ಟು ಮೆತ್ತಗಿನ ಮಾತು ಹುಡುಕಿಟ್ಟುಕೊಂಡಿದ್ದೇನೆ.

ಇದನ್ನು ನಿಮ್ಮಪ್ಪನಿಗೆ ಓದಿ ಹೇಳಿ ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ. ನನ್ನ ಮಾತನ್ನು ಮತ್ತೆ ಇನ್ನೊಬ್ಬರ ಮೇಲೆ ಹೊರಿಸುವುದಾಯಿತು ಅದು. ಅವನು ಸಂಜೆ ಬಂದು ಕುಳಿತಾಗ, ಆ ಗುರುತಿನ ಮೇಲೆ ಕೈಯಿಟ್ಟು ನಾನೇ ಹೇಳುತ್ತೇನೆ. ಬರುವ ರವಿವಾರ ಪ್ರಾರ್ಥನಾಲಯದಲ್ಲೂ ಹೇಳುತ್ತೇನೆ, ಅವಳ ಹೆಸರು ಹಿಡಿದು.

ನಿಮ್ಮನ್ನು ಕೇಳುವುದು ಒಂದೇ. ಕೂಸು ಅನ್ನ ಉಗುಳಿದರೆ, ಹೊತ್ತಿಗೆ ಸರಿಯಾಗಿ ಮಲಗದಿದ್ದರೆ, ಆ ಹೆಸರು ಎತ್ತಬೇಡಿ. ಮಾರ್ತಾಬಾಯಿ ಯಾವ ಕೂಸನ್ನೂ ಹೆದರಿಸಿದವಳಲ್ಲ. ಕಡೆಯ ಸಲವೂ ಕೂಸು ಹೇಗಿದೆ ಎಂದೇ ಕೇಳಿ ಹೋದವಳು. ಯಾರದಾದರೂ ಹೆಸರು ಹೇಳಿ ಹೆದರಿಸಲೇಬೇಕಿದ್ದರೆ, ನನ್ನದನ್ನು ಹೇಳಿ.